ಹೆದರಿದ ಕೈಯಲ್ಲಿ ಹಗ್ಗ

ಮಾಸಿ ತಿಂಗಳು, ಚಳಿ ಇಳಿಯುವ ಕಾಲ. ಉಪವಾಸ ಶುರುವಾಗುವ ಬೂದಿ ಬುಧವಾರ ಕಳೆದು ಎರಡನೆಯ ದಿನ, ಶುಕ್ರವಾರ. ನೆಲದ ಕಡೆಯ ಗಾಳಿ ಇನ್ನೂ ಬೀಸುತ್ತಿತ್ತು, ಅಂದರೆ ಬೆಳಕು ಹರಿಯಲು ಸ್ವಲ್ಪ ಹೊತ್ತು ಇದ್ದಿರಬೇಕು. ನಾನು ಒಲೆಯ ಮುಂದೆ ಕೂತು ಹಿಂದಿನ ದಿನದ ಗಂಜಿಗೆ ಉಪ್ಪು ಹಾಕುತ್ತಿದ್ದೆ. ನನ್ನ ತಮ್ಮ ಸಿಲುವೈಯ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳ ಹೆಸರು ಅಮಲೋರ್ಪವಂ, ನಾವೆಲ್ಲ ಕರೆಯುತ್ತಿದ್ದದ್ದು ಅಮಲಿ ಎಂದು.

"ಅತ್ತಿಗೆ, ನಾಳೆ ನಮ್ಮ ಕಲ್ಲಿನ ಮೇಲೆ ನಾನೇ ಇಳೀತೀನಿ," ಎಂದಳು. "ಹಗ್ಗ ನೀವು ಹಿಡೀಬೇಕು."

ನನ್ನ ಕೈಯಲ್ಲಿದ್ದ ಉಪ್ಪು ಗಂಜಿಗೂ ಬಿತ್ತು, ಬೂದಿಗೂ ಬಿತ್ತು.

ತೂತುಕುಡಿಯಿಂದ ತೆಂಕಲಿಗೆ ನಮ್ಮೂರು. ಗಾಳಿಯ ಯಂತ್ರ ಕಟ್ಟಿಕೊಂಡು ಮುಳುಗುವುದು ಆಗಿನ್ನೂ ಬಂದಿರಲಿಲ್ಲ. ಎದೆಯಲ್ಲಿ ಎಷ್ಟು ಉಸಿರು ಹಿಡಿಯುತ್ತದೋ ಅಷ್ಟೇ ಕೆಲಸ. ಶಂಖದ ದೋಣಿಯಲ್ಲಿ ಒಂದೊಂದು ಮನೆಗೆ ಒಂದೊಂದು ಕಲ್ಲು. ಆ ಕಲ್ಲಿನ ಮೇಲೆ ಕಾಲಿಟ್ಟು ಎಂಟು ಮಾರು ಆಳಕ್ಕೆ ಇಳಿದು, ಮರಳಿನಲ್ಲಿ ಹುದುಗಿದ ಶಂಖ ಹುಡುಕಿ ಬಲೆಚೀಲಕ್ಕೆ ತುಂಬಿಕೊಳ್ಳಬೇಕು. ಇಳಿದವನ ಸೊಂಟದ ಹಗ್ಗ ಮೇಲಿರುವವನ ಕೈಯಲ್ಲಿ. ಕೆಳಗಿನಿಂದ ಜಗ್ಗಿದರೆ ಎಳೆಯುವುದು. ಜಗ್ಗದಿದ್ದರೂ ಐದು ಸಲ ಮರಿಯೆ ಮಾತೆಯ ಜಪ ಮುಗಿದ ಕೂಡಲೇ ಎಳೆಯುವುದು. ನಮ್ಮವರಿಗೆ ಗಡಿಯಾರ ಇರಲಿಲ್ಲ, ಜಪವಿತ್ತು.

ಬೂದಿ ಬುಧವಾರದ ನಂತರದ ಮೊದಲ ಸೋಮವಾರದೊಳಗೆ ಒಂದು ಮನೆಯ ಕಲ್ಲು ನೀರು ಕಂಡು ಶಂಖ ತರದಿದ್ದರೆ ದೋಣಿಯಲ್ಲಿ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ಸಿಲುವೈಯ ಎರಡು ಕಿವಿಯೂ ಮಾರ್ಗಳಿ ತಿಂಗಳಲ್ಲಿ ನೀರಿನ ಒತ್ತಡಕ್ಕೆ ಒಡೆದು ಹೋಗಿದ್ದವು. ರಕ್ತ ನಿಂತಿತು, ಕೇಳುವುದೂ ಬಹುಪಾಲು ನಿಂತಿತು. ಮತ್ತೆ ಇಳಿದರೆ ತಲೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ ಎಂದು ನರ್ಸಮ್ಮ ಹೇಳಿದ್ದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಗಂಡ ಹೆಂಡತಿ ಇಬ್ಬರು, ಜೊತೆಗೆ ನಾನು. ಕಲ್ಲು ಹೋದರೆ ಎಲ್ಲರೂ ಉಪ್ಪಿನ ಅಗರಕ್ಕೆ ಹೋಗಿ ಕಾಲು ಸುಟ್ಟುಕೊಳ್ಳಬೇಕಿತ್ತು.

ಅಮಲಿಗೆ ನೀರು ಹೊಸದಲ್ಲ. ದ್ವೀಪದ ಅಂಚಿನಲ್ಲಿ ಪಾಚಿ ಕೀಳುವ ಹೆಂಗಸರಲ್ಲಿ ಅವಳಷ್ಟು ಹೊತ್ತು ಮುಳುಗಿರುತ್ತಿದ್ದವರು ಇಲ್ಲ. ಆದರೆ ಅದು ಎದೆಯುದ್ದದ ನೀರು, ಹೆಚ್ಚೆಂದರೆ ಎರಡು ಆಳುದ್ದ. ಶಂಖದ ದೋಣಿಗೆ ಹೆಣ್ಣು ಕಾಲಿಟ್ಟದ್ದು ನಮ್ಮ ಅಜ್ಜಂದಿರ ಕಾಲದಲ್ಲೂ ಇರಲಿಲ್ಲ.

ಆ ದಿನ ಮಧ್ಯಾಹ್ನ ದೋಣಿ ನಡೆಸುವ ತಾಂಡೇಲ ಕುರುಸು ಮಾಮನ ಮುಂದೆ ಮಾತಾಯಿತು. ದೋಣಿಯ ನೆರಳಲ್ಲಿ ಕೂತು ಅವರು ಬಲೆಚೀಲ ಹೊಲಿಯುತ್ತಿದ್ದರು. ಅಮಲಿ ಹೇಳಿದ್ದನ್ನು ಕೇಳಿ ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟರು.

"ಇಳಿಯೋದು ಇರಲಿ ಕಣಮ್ಮ. ಹಗ್ಗ ಯಾರ ಕೈಗೆ?" ಎಂದರು. "ಭಾವನ ಹಗ್ಗ ಬಾಮೈದ ಹಿಡೀಬೇಕು. ತನ್ನ ಒಡಹುಟ್ಟಿದವಳು ಮುಂಡೆ ಆಗಲಿ ಅಂತ ಯಾವನೂ ಕೈ ಸಡಿಲ ಬಿಡಲ್ಲ. ಅದಕ್ಕೇ ಆ ಪದ್ಧತಿ."

ಪಕ್ಕದಲ್ಲಿ ರಾಯಪ್ಪನ್ ಮಲಗಿದ್ದ. ಅವನೂ ಮುಳುಗುವವನೇ, ನಾಲಿಗೆ ಮಾತ್ರ ಯಾವಾಗಲೂ ತೇಲುತ್ತಿತ್ತು. "ಇವಳು ಹೋದ್ರೆ ಯಾರು ಮುಂಡೆ ಆಗ್ತಾರೆ ಮಾಮ? ಸಿಲುವೈ ಆವಣಿ ತಿಂಗಳಿಗೆ ಇನ್ನೊಂದು ತಾಳಿ ಕಟ್ತಾನೆ. ಊಟ ನಮಗೇ."

"ನೀನು ಊಟಕ್ಕೆ ಬರೋದಾದ್ರೆ ಮೊದಲು ಹಳೇ ಮದುವೇಲಿ ತಿಂದಿದ್ದು ಉಗುಳಿ ಬಾ," ಎಂದಳು ಅಮಲಿ. ಗಂಡಸರು ನಕ್ಕರು. ಅವಳು ನಗಲಿಲ್ಲ. "ಗಂಡ ಇಳಿದ್ರೆ ಹೆಂಡತಿ ಒಡಹುಟ್ಟಿದವನು ಹಿಡೀತಾನೆ. ಹೆಂಡತಿ ಇಳಿದ್ರೆ ಗಂಡನ ಒಡಹುಟ್ಟಿದವಳು ಹಿಡೀಲಿ. ಪದ್ಧತಿ ಎಲ್ಲಿ ತಪ್ಪಿತು ಮಾಮ?"

ಕುರುಸು ಮಾಮ ನನ್ನನ್ನು ನೋಡಿದರು. ಉಳಿದವರೂ ನನ್ನ ಕಡೆ ತಿರುಗಿದರು. ಯಾಕೆಂದು ನನಗೂ ಗೊತ್ತಿತ್ತು, ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ನನ್ನ ಗಂಡ ಮಿಕ್ಕೇಲು ಇದೇ ದೋಣಿಯಿಂದ ಇಳಿದು ಹೆಣವಾಗಿ ಮೇಲೆ ಬಂದ. ಅವನ ಹಗ್ಗ ಹಿಡಿದಿದ್ದವನು ಅವನ ಬಾಮೈದ, ನನ್ನ ತಮ್ಮ ಸಿಲುವೈ. ಐದು ಜಪ ಮುಗಿದ ಮೇಲೆಯೇ ಎಳೆದೆ ಎಂದು ಅವನು ಪಾದ್ರಿಗಳ ಮುಂದೆ ಹೇಳಿದ. ನಾನು ನಂಬಲಿಲ್ಲ. ಮಿಕ್ಕೇಲು ಐದು ಜಪಕ್ಕೆ ಸಾಯುವವನಲ್ಲ. ನಂಬಲಿಲ್ಲ ಎಂದು ಬಾಯಿಬಿಟ್ಟೂ ಹೇಳಲಿಲ್ಲ. ಅವನ ಮನೆಯಲ್ಲೇ ಉಂಡು, ಅವನ ಮಕ್ಕಳನ್ನೇ ಎತ್ತಿ ಆಡಿಸಿದೆ. ಪದ್ಧತಿ ತಪ್ಪಿಲ್ಲ ಎಂದು ಮಾಮ ಒಪ್ಪಿದರು, ನಾನೂ ಬೇಡ ಎನ್ನಲಿಲ್ಲ. ಈಗ ಅವನ ಹೆಂಡತಿಯ ಉಸಿರು ನನ್ನ ಕೈಗೆ ಬರುತ್ತಿತ್ತು.

ಸಂಜೆ ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಬೆನ್ನ ಹಿಂದೆಯೇ ಆಡಿಕೊಂಡರು. "ಸಂದಾನಂ ಹನ್ನೊಂದು ವರ್ಷ ಕಾದಳು ನೋಡು. ಕೊನೆಗೂ ಹಗ್ಗ ಕೈಗೆ ಬಂತು."

ಸಂದಾನಂ ಎಂದರೆ ನಾನು. ಕೊಡ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ. ಆ ರಾತ್ರಿ ನನಗೆ ಕಡಲಿನ ಭಯವಿರಲಿಲ್ಲ. ನನ್ನ ಎರಡು ಕೈಗಳ ಭಯವಿತ್ತು. ಮನಸ್ಸಿಗೆ ತಿಳಿಯದ ಹಾಗೆ ಕೈಗೆ ಏನಾದರೂ ನೆನಪಿರುತ್ತದೆಯೋ ಏನೋ ಎಂದು ಅವನ್ನು ಕಂಕುಳಲ್ಲಿ ಅದುಮಿಕೊಂಡು ಮಲಗಿದೆ.

ಮಲಗುವ ಮೊದಲು ಅಮಲಿಯನ್ನು ಕೇಳಿದ್ದೆ: "ನನ್ನ ಕೈಗೇ ಯಾಕೆ ಕೊಡ್ತೀಯೇ? ಊರು ಏನಂತಿದೆ ಕೇಳಿಲ್ವಾ?"

"ಕೇಳಿದ್ದೀನಿ," ಎಂದಳು. "ನಿಮ್ಮಷ್ಟು ಹಗ್ಗದ ಬಗ್ಗೆ ಯೋಚನೆ ಮಾಡಿದೋರು ಈ ಊರಲ್ಲಿ ಇನ್ಯಾರಿದ್ದಾರೆ ಅತ್ತಿಗೆ?"

ಶನಿವಾರ ಬೆಳಗ್ಗೆ ದೋಣಿ ಹೊರಟಿತು. ಏಳು ಗಂಡಸರು, ನಾವಿಬ್ಬರು. ಅಮಲಿ ಸಿಲುವೈಯ ಹಳೆಯ ಚಡ್ಡಿ ಅಂಗಿ ತೊಟ್ಟು, ಮೇಲೆ ಸೀರೆ ಸುತ್ತಿಕೊಂಡಿದ್ದಳು. ಬಿಸಿಲು ಏರುವ ಹೊತ್ತಿಗೆ ಶಂಖವಿರುವ ಮರಳಿನ ಜಾಗ ಸಿಕ್ಕಿತು. ಅವಳು ಸೀರೆ ಬಿಚ್ಚಿ ನನ್ನ ಮಡಿಲಲ್ಲಿ ಹಾಕಿದಳು, ಶಿಲುಬೆ ಗುರುತು ಹಾಕಿಕೊಂಡಳು, ಕಲ್ಲಿನ ಮೇಲೆ ಕಾಲಿಟ್ಟಳು. ಗಂಡಸರು ಬೇರೆ ಕಡೆ ನೋಡುತ್ತಿದ್ದರು. ನೀರು ಒಂದು ಸಲ ಬಾಯಿ ತೆರೆದು ಮುಚ್ಚಿಕೊಂಡಿತು.

ಹಗ್ಗ ನನ್ನ ಬೆರಳುಗಳ ನಡುವೆ ಓಡಿತು, ನಿಂತಿತು. ನಾನು ಜಪ ಶುರುಮಾಡಿದೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಒಂದು ಜಪದ ಬಾಲ ಇನ್ನೊಂದರ ತಲೆಗೆ ಡಿಕ್ಕಿ ಹೊಡೆಯಿತು. ಐದು ಮುಗಿಸಿ ಎಳೆದೆ. ಅಮಲಿ ಬರಿಗೈಯಲ್ಲಿ ಬಂದಳು.

"ಈಗಷ್ಟೇ ಮರಳು ಮುಟ್ಟಿದ್ದೆ ಅತ್ತಿಗೆ."

ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ನಾಲ್ಕನೆಯ ಸಲ ಶಂಖದ ಮೇಲೆ ಕೈಯಿಟ್ಟಿದ್ದಳಂತೆ, ನಾನು ಎಳೆದ ರಭಸಕ್ಕೆ ಜಾರಿಹೋಯಿತು.

"ಸಂದಾನಕ್ಕ ಬಾವಿಯಿಂದ ಕೊಡ ಸೇದ್ತಿದ್ದಾರೆ," ಎಂದ ರಾಯಪ್ಪನ್. "ಸ್ವಲ್ಪ ತುಂಬೋಕಾದ್ರೂ ಬಿಡಿ ಅಕ್ಕ."

ಕುರುಸು ಮಾಮ ಬಿಸಿಲು ನೋಡಿದರು. "ಕಡಲ ಗಾಳಿ ಏಳೋ ಹೊತ್ತಾಯ್ತು. ಇನ್ನೊಂದೇ ಮುಳುಗು. ನಾಳೆ ಭಾನುವಾರ, ದೋಣಿ ಇಲ್ಲ. ಸೋಮವಾರ ಬೆಳಗ್ಗೆ ನಾನು ಕಲ್ಲು ಹಂಚಬೇಕು ಅಮಲಿ."

ಅವಳು ದೋಣಿಯ ಅಂಚು ಹಿಡಿದು ನೀರಲ್ಲೇ ಇದ್ದಳು. ತುಟಿ ನೀಲಿಗಟ್ಟಿತ್ತು. ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ನಿಮ್ಮ ಉಸಿರಿಗೆ ಜಪ ಹೇಳಬೇಡಿ ಅತ್ತಿಗೆ. ನನ್ನ ಉಸಿರಿಗೆ ಹೇಳಿ. ನಿಧಾನ. ನಾನು ಜಗ್ಗೋವರೆಗೂ ಎಳೀಬೇಡಿ. ಕಲ್ಲು ಹೋಗತ್ತೆ."

ಮತ್ತೆ ಇಳಿದಳು.

ಈ ಸಲ ನಾನು ಕಣ್ಣು ಮುಚ್ಚಿದೆ. ಸಂಜೆ ದೇವಾಲಯದಲ್ಲಿ ಮುದುಕಿಯರು ಹೇಳುವ ಹಾಗೆ, ಪದ ಪದ ಬಿಡಿಸಿ ಒಂದು ಜಪ ಹೇಳಿದೆ. ಎರಡನೆಯದು ಇನ್ನೂ ನಿಧಾನವಾಯಿತು. ಎದೆಯ ಬಡಿತ ಇಳಿಯಿತು. ಹಗ್ಗ ಕೈಯಲ್ಲಿ ಮಲಗಿದ ಮಗುವಿನ ಹಾಗೆ ಸುಮ್ಮನಿತ್ತು. ಮೂರನೆಯ ಜಪದ ಅರ್ಧಕ್ಕೆ ಬಂದಾಗ ಬೆನ್ನಿನ ಮೇಲೆ ಬಿಸಿಲು ಹಿತವಾಗಿ ಬೀಳುತ್ತಿರುವುದು ತಿಳಿಯಿತು.

ಆಗ ನನಗೆ ಹೊಳೆಯಿತು, ನನಗೆ ಈಗ ಭಯವಿಲ್ಲ.

ಕೆಳಗೆ ಒಬ್ಬಳು ಉಸಿರು ಕಟ್ಟಿಕೊಂಡಿದ್ದಾಳೆ, ನಾನು ಬಿಸಿಲು ಕಾಯಿಸಿಕೊಳ್ಳುತ್ತಿದ್ದೇನೆ. ಈ ನೆಮ್ಮದಿ ಎಲ್ಲಿಂದ ಬಂತು? ಇದು ನಂಬಿಕೆಯೋ, ಹನ್ನೊಂದು ವರ್ಷ ಕಾದ ಕೈಯ ನೆಮ್ಮದಿಯೋ? ಹಗ್ಗ ಜಗ್ಗಿರಲಿಲ್ಲ. ಎಳೆಯಬೇಡಿ ಎಂದು ಅವಳೇ ಹೇಳಿದ್ದಳು. ಎಳೆದರೆ ಕಲ್ಲು ಹೋಗುತ್ತದೆ. ಎಳೆಯದಿದ್ದರೆ ಏನು ಹೋಗುತ್ತದೆ ಎಂಬುದನ್ನು ನಾನು ಒಮ್ಮೆ ದಡದಲ್ಲಿ ನಿಂತು ನೋಡಿದ್ದೆ.

ಮೂರನೆಯ ಜಪ ಮುಗಿಸಲಿಲ್ಲ. ಎಳೆದೆ.

ಹಗ್ಗ ಬರಲಿಲ್ಲ. ಬಂಡೆಗೆ ಕಟ್ಟಿದ ಹಾಗೆ ನಿಂತಿತು. ಇನ್ನೊಮ್ಮೆ ಎಳೆದೆ, ಅಂಗೈಯ ಚರ್ಮ ಕಿತ್ತಿತು.

ರಾಯಪ್ಪನ್ ಹಾರಿ ಬಂದು ಕೈ ಚಾಚಿದವನು ಅರ್ಧದಲ್ಲೇ ತಡೆದುಕೊಂಡ. ಒಬ್ಬರ ಹಗ್ಗ ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಸಾವು ಮುಟ್ಟಿದವನ ಮನೆಗೆ ದಾರಿ ಕೇಳಿಕೊಂಡು ಬರುತ್ತದೆ ಎಂದು ನಮ್ಮವರ ನಂಬಿಕೆ. ಆಮೇಲೆ ಅವನು ನನ್ನ ಹಿಂದೆ ಕೂತು, ತನ್ನ ಬೆನ್ನನ್ನು ನನ್ನ ಬೆನ್ನಿಗೆ ಒತ್ತಿ, ಎದುರಿನ ಅಡ್ಡಮರಕ್ಕೆ ಎರಡು ಕಾಲೂ ಊರಿದ.

"ನನಗೆ ಒರಗಿಕೊಳ್ಳಿ ಅಕ್ಕ," ಎಂದ. "ಒರಗಿ ಎಳೀರಿ. ಹಗ್ಗ ನಿಮ್ಮದೇ, ಬೆನ್ನು ನನ್ನದು."

ಕುರುಸು ಮಾಮ ಹುಟ್ಟು ಹಾಕಿ ದೋಣಿಯನ್ನು ಎಡಕ್ಕೆ ತಿರುಗಿಸಿದರು. ಕೆಳಗೆ ಏನೋ ಕಿತ್ತುಕೊಂಡಿತು, ಹಗ್ಗ ಸಡಿಲಾಯಿತು. ನಾನು ಕೈಯಿಂದ ಕೈಗೆ ಎಳೆದೆ. ಎಂಟು ಮಾರು ಎಷ್ಟು ಉದ್ದವೆಂದು ನನಗೆ ಅವತ್ತೇ ಗೊತ್ತಾದದ್ದು.

ಅಮಲಿ ಮೇಲೆ ಬಂದಾಗ ಕಣ್ಣು ತೆರೆದೇ ಇತ್ತು, ನೋಟವಿರಲಿಲ್ಲ. ಮೂಗಿನಿಂದ ರಕ್ತ. ದೋಣಿಯ ಅಂಚಿಗೆ ಬೋರಲು ಹಾಕಿ ಕುರುಸು ಮಾಮ ಬೆನ್ನು ಒತ್ತಿದರು. ನೀರು ಬಂತು. ಇನ್ನಷ್ಟು ಬಂತು. ಆಮೇಲೆ ಹರಿದ ಬಟ್ಟೆಯಂಥ ಒಂದು ಉಸಿರು ಒಳಗೆ ಹೋಯಿತು.

ಅವಳ ಸೊಂಟದ ಚೀಲದಲ್ಲಿ ಎರಡು ಶಂಖವಿತ್ತು. ದೋಣಿಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಕಣ್ಣಿಗೆ ನೋಟ ಬಂದ ಮೇಲೆ ಅವಳು ಮೊದಲು ತಡವಿದ್ದು ಚೀಲವನ್ನು, ಆಮೇಲೆ ನನ್ನ ಕೈಯನ್ನು.

"ಮೂರು ಸಲ ಜಗ್ಗಿದೆ ಅತ್ತಿಗೆ," ಎಂದಳು. "ಬೇಗ ಯಾಕೆ ಎಳೀಲಿಲ್ಲ?"

"ನನಗೆ ಒಂದೂ ತಿಳೀಲಿಲ್ಲವಲ್ಲೇ."

"ಹಗ್ಗ ಹವಳದ ಕಲ್ಲಿನ ಅಡಿ ಸಿಕ್ಕಿಕೊಂಡಿತ್ತು," ಎಂದರು ಕುರುಸು ಮಾಮ, ಉಜ್ಜಿ ಹೋದ ಜಾಗ ತೋರಿಸಿ. "ಜಗ್ಗಿದ್ದನ್ನ ಕಲ್ಲು ನುಂಗಿದೆ. ಎಷ್ಟು ಜಪಕ್ಕೆ ಎಳೆದೆ ಸಂದಾನಂ?"

"ಎರಡೂವರೆ."

ಮಾಮನ ತುಟಿ ಅಲ್ಲಾಡಿತು. ನಿಧಾನವಾಗಿ ಐದು ಜಪ ಹೇಳಿ ಎಷ್ಟು ಹೊತ್ತಾಗುತ್ತದೆಂದು ನೋಡುತ್ತಿದ್ದರೆಂದು ನನಗೆ ತಿಳಿಯಿತು.

ಸಂಜೆ ಸಿಲುವೈ ಮನೆಯ ಮುಂದಿನ ಮರಳಲ್ಲಿ ಕೂತಿದ್ದ. ಅಮಲಿ ಒಳಗೆ ಮಲಗಿದ್ದಳು. ಅವನ ಕಿವಿಗೆ ಏನು ಹೇಳಬೇಕಾದರೂ ಕೂಗಬೇಕಿತ್ತು. ಹನ್ನೊಂದು ವರ್ಷ ಪಿಸುಗುಟ್ಟಲೂ ಆಗದಿದ್ದ ಮಾತನ್ನು ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಅವತ್ತು ಮಿಕ್ಕೇಲು ಕೆಳಗಿದ್ದಾಗ ನಿನಗೆ ಭಯ ಆಗಿತ್ತಾ?"

ಅವನು ನನ್ನ ಬಾಯಿ ನೋಡಿದ. ಎದುರುಮನೆಯ ಬಾಗಿಲು ಅರ್ಧ ತೆರೆಯಿತು.

"ಇಲ್ಲಕ್ಕ," ಎಂದ. ತನ್ನ ದನಿ ತನಗೇ ಕೇಳದೆ ಅವನೂ ಕೂಗಿದ. "ಭಾವನ ಉಸಿರು ದೊಡ್ಡದು ಅಂತ ಧೈರ್ಯವಾಗಿದ್ದೆ. ಹಾಯಾಗಿ ಜಪ ಹೇಳ್ತಿದ್ದೆ. ಐದೇ ಹೇಳಿದ್ದು ಅಕ್ಕ. ತಾಯಿ ಆಣೆಗೂ ಐದೇ."

ಅವನ ಹಾಯಾದ ಐದು ಜಪ ನನ್ನ ಭಯದ ಹತ್ತು ಜಪದಷ್ಟು ಉದ್ದವಾಗಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಮಿಕ್ಕೇಲು ಜಗ್ಗಿದ್ದನೋ ಇಲ್ಲವೋ, ಅದನ್ನು ಯಾವ ಕಲ್ಲು ನುಂಗಿತೋ ಇನ್ನು ಯಾರಿಗೂ ತಿಳಿಯುವಂತಿಲ್ಲ. ಮನ್ನಿಸಿದೆ ಎಂದು ನಾನು ಹೇಳಲಿಲ್ಲ, ಅಂಥ ಮಾತು ಕೂಗಿ ಹೇಳುವಂಥದ್ದಲ್ಲ. ಒಳಗೆ ಹೋಗಿ ಅವನಿಗೆ ಗಂಜಿ ತಂದೆ. ಜೊತೆಗೆ ಸುಟ್ಟ ಒಣಮೀನು ಇಟ್ಟೆ. ಅದು ಉಪವಾಸದ ಕಾಲ, ಮನೆಯಲ್ಲಿ ಮೀನು ಬಿಟ್ಟಿದ್ದೆವು, ಆದರೂ ಇಟ್ಟೆ.

ಭಾನುವಾರ ಪೂಜೆಯಲ್ಲಿ ಹೆಂಗಸರು ನನಗೆ ಜಾಗ ಬಿಟ್ಟುಕೊಟ್ಟರು. ಗೌರವಕ್ಕೋ ಹೆದರಿಕೆಗೋ ಕೇಳಲಿಲ್ಲ. ಹೊರಗೆ ಬಂದಾಗ ರಾಯಪ್ಪನ್ ತಲೆ ಕೆರೆಯುತ್ತ ನಿಂತಿದ್ದ.

"ಅಕ್ಕ, ನನ್ನ ಬಾಮೈದ ಭಾರೀ ಧೈರ್ಯವಂತ," ಎಂದ. "ಸ್ವಲ್ಪ ಹೆದರೋದು ಕಲಿಸಿಕೊಡ್ತೀರಾ ಅವನಿಗೆ?"

ಅಮಲಿಯ ಮೂಗಿನ ರಕ್ತ ಆವತ್ತು ರಾತ್ರಿಯೂ ಒಮ್ಮೆ ಬಂತು. ಹೋಗಬೇಡ ಎಂದೆ. ಕಲ್ಲು ಉಳಿದಿದೆ, ವಾರ ತಡೆದು ಹೋಗು ಎಂದೆ. ಅವಳು ಕೂದಲು ಬಿಗಿಯಾಗಿ ಸುತ್ತಿ ಕಟ್ಟುತ್ತ, "ಈಗ ಹೋಗದಿದ್ರೆ ಆಮೇಲೆ ಹೋಗೋಕೆ ನನ್ನ ಕೈಲಿ ಆಗಲ್ಲ ಅತ್ತಿಗೆ, ಕಾಲು ನಡುಗ್ತಿವೆ," ಎಂದಳು. ನನ್ನ ಅಂಗೈಗೆ ಬಟ್ಟೆ ಸುತ್ತಿದವಳೂ ಅವಳೇ.

ಬೆಳಕು ಹರಿಯುವ ಮೊದಲು ದೋಣಿ ನೀರಿಗೆ ಇಳಿಯಿತು. ಸಿಲುವೈ ಇಬ್ಬರು ಮಕ್ಕಳನ್ನೂ ಕೈಯಲ್ಲಿ ಹಿಡಿದು, ಹೆಂಗಸರು ನಿಲ್ಲುವ ಜಾಗದಲ್ಲಿ ಅವರ ನಡುವೆ ನಿಂತಿದ್ದ. ಜಪ ಹೇಳುತ್ತ ಅವನ ತುಟಿ ಬೇಗ ಬೇಗ ಅಲ್ಲಾಡುತ್ತಿತ್ತು. ಕುರುಸು ಮಾಮ, ರಾಯಪ್ಪನ್, ಇನ್ನೈದು ಗಂಡಸರು, ಅಮಲಿ, ನಾನು, ಒಟ್ಟು ಒಂಬತ್ತು ಜನ ಹೋದೆವು. ಅದು ಸೋಮವಾರ, ಕಲ್ಲು ನಮ್ಮದೇ ಆಗಿತ್ತು.