ವೋಲ್ಟೇಜ್ ಸಾಲದ ಕ್ಯಾಸೆಟ್ಟು

ಸೋಮನಹಳ್ಳಿಯಲ್ಲಿ ಯಾವ ಯಂತ್ರ ಕೈಕೊಟ್ಟರೂ ಜನ ಮೊದಲು ಆಡುವ ಮಾತು ಒಂದೇ: ವೋಲ್ಟೇಜ್ ಇಲ್ಲ. ಪಂಪು ಗುಂಯ್ ಅಂದು ನಿಂತರೂ ಅದೇ, ಮಿಕ್ಸಿ ತಿರುಗದಿದ್ದರೂ ಅದೇ. ಇಪ್ಪತ್ತೈದು ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡಿಕೊಂಡು ಬಂದ ಪುಟ್ಟರಾಜುವಿಗಂತೂ ಅದು ರಕ್ತದಲ್ಲೇ ಇಳಿದಿತ್ತು. ಸಾಲದಿದ್ದರೆ ಏರಿಸು, ಅಷ್ಟೇ ಅವನ ವಿದ್ಯೆ.

ಈಗ ಅವನ ಮುಂದಿದ್ದದ್ದು ಮೋಟಾರಲ್ಲ, ಬೆಂಕಿಪೊಟ್ಟಣದಷ್ಟಿದ್ದ ವಿಡಿಯೋ ಗೇಮ್ ಕ್ಯಾಸೆಟ್ಟು. ಎರಡು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ತೀರಿಕೊಂಡ ಮಗಳು ಚಂದನಳದು. ಆ ಆಟದೊಳಗೆ ಅವಳೊಂದು ಊರು ಕಟ್ಟಿ, ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ ತಾಯಿಗೊಂದು ಕಾಗದ ಬರೆದಿಟ್ಟಿದ್ದಳು. “ಅವ್ವ, ನಿಂಗೇ ಬರ್ದಿವ್ನಿ, ಬಂದು ನೋಡು” ಎಂದು ಕರೆದಾಗ ಯಶೋದಮ್ಮ ಮುದ್ದೆ ತಿರುವುತ್ತಿದ್ದಳು. “ಆಮೇಲ್ ನೋಡ್ತೀನಿ ಓಗಮ್ಮಿ” ಅಂದಿದ್ದಳು. ಮರುವಾರವೇ ಮಗು ಆಸ್ಪತ್ರೆ ಸೇರಿತು. ಆಡುವ ಯಂತ್ರವೂ ನೀರಿನ ತೊಟ್ಟಿಗೆ ಬಿದ್ದು ಹಾಳಾಗಿ, ಉಳಿದದ್ದು ಈ ಕ್ಯಾಸೆಟ್ ಒಂದೇ.

ಮಂಡ್ಯದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಸೌಮ್ಯ ಇವತ್ತು ಲ್ಯಾಪ್‌ಟಾಪನ್ನೂ ಕ್ಯಾಸೆಟ್ ಓದುವ ರೀಡರನ್ನೂ ತಂದಿದ್ದಳು. ರೀಡರಿನ ಪಕ್ಕದಲ್ಲೊಂದು ಪುಟ್ಟ ಸ್ವಿಚ್ಚು, ಈ ಕಡೆ ಮೂರು ವೋಲ್ಟು, ಆ ಕಡೆ ಐದು. ಕ್ಯಾಸೆಟ್ ಹಾಕಿದರೆ ಪರದೆಯ ಮೇಲೆ ಏನೂ ಬರಲಿಲ್ಲ.

“ಪಿನ್ನು ಗಲೀಜಾಗ್ಬುಟ್ಟದೆ ಮಾವ. ಮದ್ದೂರಿಗೋಗಿ ಒರ್ಸೋ ಸ್ಪಿರಿಟ್ ತತ್ತೀನಿ. ಇದಕ್ಕೆ ಮೂರೇ ಇರ್ಬೇಕು, ಐದು ಹಳೇ ದಪ್ಪ ಕ್ಯಾಸೆಟ್‌ಗೆ. ನಾನ್ ಬರೋಗಂಟ ಸ್ವಿಚ್ ಮುಟ್ಬ್ಯಾಡ ಕಣ್ ಮಾವ” ಎಂದು ಹೇಳಿ ಸ್ಕೂಟರ್ ಹತ್ತಿದಳು.

ಒಳಗೆ ಯಶೋದಮ್ಮ ತಲೆ ಬಾಚಿ, ಒಗೆದ ಸೀರೆ ಉಡುತ್ತಿದ್ದಳು, ಮಗಳೇ ಬಸ್ಸಿಳಿದು ಬರುತ್ತಿದ್ದಾಳೇನೋ ಎಂಬಂತೆ.

“ಬಂತಾ?” ಎಂದು ಅಲ್ಲಿಂದಲೇ ಕೂಗಿದಳು.

“ಇನ್ನೇನ್ ಬಂದ್ಬುಡ್ತದೆ ಕಣೇ.”

ಅವನು ಸ್ವಿಚ್ಚನ್ನೇ ನೋಡಿದ. ಮೂರು ವೋಲ್ಟು! ಟಾರ್ಚಿನ ಎರಡು ಸೆಲ್ಲು. ಅಷ್ಟರಲ್ಲಿ ಇದು ಏನು ಓದೀತು? ಅಯ್ಯೋ ಪುಣ್ಯಾತ್ಮ, ಅರ್ಧ ಗಂಟೆ ಕೈಕಟ್ಟಿ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? “ಬಂತಾ?” ಎಂದು ಯಶೋದಮ್ಮ ಇನ್ನೊಮ್ಮೆ ಕೂಗಿದ್ದೇ ತಡ, ಬೆರಳು ಸ್ವಿಚ್ಚನ್ನು ಐದಕ್ಕೆ ತಳ್ಳಿಬಿಟ್ಟಿತು.

ಗಪ್ಪನೆ ಸುಟ್ಟ ವಾಸನೆ ಎದ್ದಿತು. ಅದು ಅವನಿಗೆ ಹೊಸದಲ್ಲ. ಎಷ್ಟು ಸುಟ್ಟ ಮೋಟಾರು ಬಿಚ್ಚಿದ್ದಾನೋ! ಕ್ಯಾಸೆಟ್ ಕಿತ್ತರೆ ಕೈ ಚುರ್ರೆಂದಿತು. ಸ್ವಿಚ್ಚನ್ನು ಮೂರಕ್ಕೆ ತಂದ, ಊದಿದ, ಮತ್ತೆ ಚುಚ್ಚಿದ, ದೇವರ ಹೆಸರು ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೋಟಾರಾದರೆ ಹೊಸ ತಂತಿ ಸುತ್ತಬಹುದು, ಇದಕ್ಕೆ ಏನನ್ನು ಸುತ್ತುವುದು?

ಯಶೋದಮ್ಮ ಬಂದು ಪಕ್ಕದಲ್ಲಿ ಕೂತಳು. “ಏನ್ ಬರ್ದವ್ಳೆ?”

ಸುಳ್ಳು ಹೇಳಿಬಿಡೋಣ ಅನ್ನಿಸಿತು ಪುಟ್ಟರಾಜುವಿಗೆ. “ಅವ್ವ...” ಎಂದು ಕಾಗದ ಓದುವವನಂತೆ ಶುರುಮಾಡಿದ. ಮುಂದೆ ಮಗಳ ಬಾಯಲ್ಲಿ ಯಾವ ಮಾತು ಇಡಬೇಕೆಂದು ತಿಳಿಯಲಿಲ್ಲ. ಹನ್ನೊಂದು ವರ್ಷ ಸಾಕಿದ ಮಗಳು.

ಯಶೋದಮ್ಮ ಮೂಸಿ ನೋಡಿದಳು. “ಸುಟ್ಟೋಯ್ತಾ?”

“ವೋಲ್ಟೇಜ್ ಸಾಲ್ದು ಅಂತ... ನಾನೇ ಸುಟ್ಟಾಕ್ದೆ ಕಣೇ.”

ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾದ. ಇನ್ನೂ ಬಿಸಿಯಾಗಿದ್ದ ಕ್ಯಾಸೆಟ್ಟನ್ನು ಅವಳು ಅವನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

“ನೀನೇನ್ ಮಾಡೀಯೆ ಬುಡು. ಮಗ್ಳು ಕರ್ದಾಗ ನಾನ್ ಎದ್ದೋಗ್ಲಿಲ್ವಲ್ಲ” ಅಂದಳು.