ಮಮಸೋಲಿಯ ತಟ್ಟೆ, ಮಮಸೋಲಿಯ ಅಳತೆ

ಮಾರ್ಗಿಲಾನ್ ಊರಿನ ಅಡುಗೆಯವ ಮಮಸೋಲಿ ಮದುವೆಗೆ ಪಲಾವ್ ಬೇಯಿಸಿದರೆ, ಅದರ ಘಮಕ್ಕೆ ಮೂರು ಊರಾಚೆಯ ಕತ್ತೆಗಳೂ ಹಗ್ಗ ಕಿತ್ತುಕೊಂಡು ಓಡಿ ಬರುತ್ತಿದ್ದವು. ಅವನ ಕಡಾಯಿ ಎಷ್ಟು ದೊಡ್ಡದೆಂದರೆ, ಅದನ್ನು ಉಜ್ಜಲು ಒಳಗಿಳಿಯುವ ಆಳು ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡೇ ಇಳಿಯುತ್ತಿದ್ದ. ಇಂಥ ಮಮಸೋಲಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ.

ಒಂದು ಮದುವೆಯಲ್ಲಿ ಕೆಂಡವೊಂದು ಸಿಡಿದು ಅವನ ಬೂಟಿನೊಳಗೆ ಬಿತ್ತು. ಮಮಸೋಲಿ ಮೂಗರಳಿಸಿ, "ಯಾರಯ್ಯಾ ಅದು, ಮಾಂಸ ಸೀಸ್ತಿರೋದು?" ಎಂದು ಆಳುಗಳನ್ನೆಲ್ಲ ಬೈದ. ಸೀಯುತ್ತಿದ್ದದ್ದು ಅವನ ಕಾಲೇ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ್ದ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ.

ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಹೆಂಡತಿ ಓಯ್ದಿನ್ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

"ನಮ್ಮನೆಯೋರು ಇನ್ಮೇಲೆ ಮದುವೆ ಒಪ್ಕೊಳ್ಳಲ್ಲ. ಸಕ್ಕರೆ ಹತೋಟಿಗೆ ಬರೋವರೆಗೂ ಕಡಾಯಿ ಮುಟ್ಟಂಗಿಲ್ಲ."

"ಕಡಾಯಿ ಇಲ್ದೆ ನಾನ್ಯಾತಕ್ಕೆ ಬದುಕಿರ್ಲಿ?" ಅಂದ ಮಮಸೋಲಿ.

"ಕಾಲಿಲ್ದೆ ಕಡಾಯಿ ಮುಂದೆ ಹೆಂಗೆ ನಿಲ್ತೀರಿ, ಅದನ್ನ ಹೇಳಿ."

ಮಾರನೆಯ ದಿನ ಜುಲ್ಹುಮೋರ್ ಬಂದಳು. ಸಕ್ಕರೆ ಕಾಯಿಲೆಯವರಿಗೆ ಊಟದ ದಾರಿ ಹೇಳಿಕೊಡುವ ನರ್ಸು ಅವಳು. ಮಮಸೋಲಿ ಮುಖ ಗಂಟು ಹಾಕಿಕೊಂಡ.

"ಗೊತ್ತು ಬಿಡಮ್ಮಾ, ಗಂಜಿ ಕುಡಿ ಅಂತೀಯ. ಪಕ್ಕದ್ಮನೆ ವೊಹಿದ್ ಮೂರು ಹೊತ್ತೂ ಅದೇ ಗ್ರೆಚ್ಕಾ ಕಾಳಿನ ಗಂಜಿ ಕುಡೀತಾನೆ. ಅವನ ಮುಖ ಕಂಡ್ರೆ ಹಾಲು ಒಡೀತದೆ."

"ಆ ಗಂಜಿ ನಾನು ಹೇಳಿದ್ದಲ್ಲಣ್ಣ, ಅವರೇ ಯಾರದ್ದೋ ಮಾತು ಕೇಳಿ ಹಿಡ್ಕೊಂಡಿದ್ದು. ಅವರ ಮೈ ಬೇರೆ, ಕೆಲಸ ಬೇರೆ, ಔಷಧ ಬೇರೆ. ಅವರ ಟೋಪಿ ನಿಮ್ಮ ತಲೆಗೆ ಕೂರುತ್ತಾ? ಗಂಜಿ ಮಾತು ಬಿಡಿ. ನಿನ್ನೆ ಎದ್ದಾಗಿಂದ ಏನೇನು ತಿಂದ್ರಿ, ಅದನ್ನ ಹೇಳಿ."

"ಏನೂ ತಿಂದಿಲ್ಲ. ಸಕ್ಕರೆ ಬಿಟ್ಟು ಆರು ವರ್ಷ ಆಯ್ತು, ಬೇಕಾದ್ರೆ ಇವಳನ್ನ ಕೇಳು," ಎನ್ನುತ್ತಲೇ ಮಮಸೋಲಿ ಹಸಿರು ಚಹಾಕ್ಕೆ ಹಳದಿ ಕಲ್ಲುಸಕ್ಕರೆಯ ದೊಡ್ಡ ಹರಳೊಂದನ್ನು ಟಣ್ ಅಂತ ಹಾಕಿದ.

ಜುಲ್ಹುಮೋರ್ ಬಟ್ಟಲೊಳಗೆ ಇಣುಕಿದಳು. "ಇದೇನಣ್ಣ?"

"ಇದು ಔಷಧಿ ಕಣಮ್ಮ. ನಮ್ಮಜ್ಜಿ ಕೆಮ್ಮಿಗೆ ಕೊಡ್ತಿದ್ಲು. ನಾನು ಬಿಟ್ಟಿದ್ದು ಅಂಗಡಿ ಬಿಳೀ ಸಕ್ಕರೆ."

"ದಿನಕ್ಕೆಷ್ಟು ಬಟ್ಟಲು ಔಷಧಿ?"

"ಹನ್ನೆರಡು," ಅಂದಳು ಓಯ್ದಿನ್. "ನೆಂಟರು ಬಂದ್ರೆ ಲೆಕ್ಕ ಇಡಲ್ಲ."

ನರ್ಸು ಹನ್ನೆರಡು ಹರಳು ಆರಿಸಿ ತಟ್ಟೆಗೆ ಸುರಿದಳು. ಸಣ್ಣ ಗುಡ್ಡವೇ ಎದ್ದಿತು. ಮಮಸೋಲಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಬಿಳೀದೂ ಹಳದೀದೂ ರಕ್ತಕ್ಕಿಳಿದ್ರೆ ಒಂದೇ ಅಣ್ಣ. ಇನ್ನು ಕಡಾಯಿ ಮುಂದೆ ರುಚಿ ನೋಡ್ತೀರಲ್ಲ, ಎಷ್ಟು ಸಲ?"

"ಎಂಟು ಸಲ. ನೋಡ್ದೇ ಇದ್ರೆ ಅಡುಗೆಯವನಾ?"

"ಹೆಂಗೆ ನೋಡ್ತೀರಿ?"

ಮಮಸೋಲಿ ಐದು ಬೆರಳು ಕೂಡಿಸಿ ಹಿಡಿ ತೋರಿಸಿದ. ಆ ಹಿಡಿಯಲ್ಲಿ ಕೋಳಿಯೊಂದು ಸಂಸಾರ ಹೂಡಬಹುದಿತ್ತು.

"ಹಂಗಾದ್ರೆ ಊಟಕ್ಕೆ ಕೂರೋ ಮೊದಲೇ ಎರಡು ತಟ್ಟೆ ಖಾಲಿ," ಎಂದು ಜುಲ್ಹುಮೋರ್ ನಕ್ಕಳು. "ಇನ್ಮೇಲೆ ಚಹಾ ಚಮಚದಲ್ಲಿ ರುಚಿ ನೋಡಿ."

"ಅಂದ್ರೆ ಪಲಾವ್ ತಿನ್ನಬಹುದಾ?"

"ತಿನ್ನಿ. ಮೊದಲು ಟೊಮೇಟೊ ಈರುಳ್ಳಿ ಹೆಚ್ಚಿದ್ದು ಒಂದು ತಟ್ಟೆ. ಆಮೇಲೆ ಕೊಬ್ಬಿಲ್ಲದ ಮಾಂಸ, ಕಡಲೆಕಾಳು. ಪಲಾವಿನ ಅನ್ನ ಒಂದೇ ಹಿಡಿ, ನಿಮ್ಮ ಕೈಯಲ್ಲಲ್ಲ, ಓಯ್ದಿನಕ್ಕನ ಕೈಯಲ್ಲಿ. ಪಲಾವ್ ಇದ್ದ ಹೊತ್ತು ರೊಟ್ಟಿ ಬೇಡ, ಕರಬೂಜವೂ ಬೇಡ. ಚಹಾ ಬರೀದು. ಕಾಲಿನ ಗಾಯ ವಾಸಿಯಾದ ಮೇಲೆ ಉಂಡು ಒಂದಷ್ಟು ಓಡಾಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡ್ಬೇಡಿ, ಪಾದ ದಿನಾ ನೋಡ್ಕೊಳ್ಳಿ. ಉಂಡು ಎರಡು ಗಂಟೆ ಆದ್ಮೇಲೆ ಬೆರಳು ಚುಚ್ಚಿ ರಕ್ತ ನೋಡಿ ಬರೆದಿಡಿ. ಹದಿನೈದು ದಿನಕ್ಕೆ ಬರ್ತೀನಿ. ನಿಮ್ಮ ಮೈ ಏನು ಹೇಳುತ್ತೋ ನೋಡಿ ಬದಲಾಯಿಸೋಣ."

ಮೊದಲ ವಾರ ಬರೀ ಚಹಾ ಕುಡಿದು ಮಮಸೋಲಿ ಗೋಡೆಯ ಹತ್ತಿರವೂ ಜಗಳ ಆಡಿದ. ಎರಡನೇ ವಾರ ಗೋಡೆಯೊಂದಿಗೆ ರಾಜಿಯಾದ. ನರ್ಸು ಬಂದು ಬರೆದಿಟ್ಟದ್ದನ್ನು ನೋಡಿ, ಬೆಳಗಿನ ರೊಟ್ಟಿ ಅರ್ಧ ಮಾಡಿ ಮೊಸರು, ಮೊಟ್ಟೆ ಸೇರಿಸಿದಳು. ಮೂರು ತಿಂಗಳಿಗೆ ಗಾಯ ಮಾಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಶೇಕಡಾ ಒಂಬತ್ತೂವರೆಯಿಂದ ಏಳೂಕಾಲಿಗೆ ಇಳಿದಿತ್ತು. ಆ ಪರೀಕ್ಷೆಯ ಚೀಟಿ ಹಿಡಿದು ಓಯ್ದಿನ್ ತಾನೇ ಬೀದಿ ಸುತ್ತಿದಳು.

"ಮದುವೆ ಇದ್ದೋರು ಬನ್ನಿ. ನಮ್ಮನೆಯೋರು ಒಲೆ ಹಚ್ತಾರೆ."

ಮುಂದಿನ ಮದುವೆಯ ಬೆಳಗ್ಗೆ ಮಮಸೋಲಿ ಚಮಚದಲ್ಲಿ ರುಚಿ ನೋಡುತ್ತಿದ್ದಾಗ, ಕಡಾಯಿಯ ಹೊಗೆ ಮರೆಯಲ್ಲಿ ಮೂವರು ಗಂಡಸರು ಒಬ್ಬೊಬ್ಬರಾಗಿ ಬಂದು ಪಿಸುಗುಟ್ಟಿದರು. "ಮಮಸೋಲಣ್ಣ, ನಂಗೂ ಸಕ್ಕರೆ ಐತೆ. ನಿನ್ನ ಊಟದ ಪಟ್ಟಿ ಕೊಡು." ಮೂರನೆಯವನು ಗಂಜಿಯ ವೊಹಿದ್.

"ನಂದು ಕೊಡಲ್ಲ," ಅಂದ ಮಮಸೋಲಿ. "ಅದು ನನ್ನ ಮೈಗೆ ಹೊಲಿದಿದ್ದು. ಜುಲ್ಹುಮೋರ್ ಹತ್ರ ಹೋಗಿ, ನಿಮ್ಮ ನಿಮ್ಮದು ಹೊಲಿಸ್ಕೊಳ್ಳಿ."

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಸಕ್ಕರೆ ಕಾಯಿಲೆ ಇದ್ದರೆ ಬಚ್ಚಿಡಬೇಡಿ. ನೆರೆಮನೆಯವರ ಪಥ್ಯ ಸಾಲ ತರಬೇಡಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ನೀವು ತಿನ್ನುವುದನ್ನೆಲ್ಲ ನಾಚಿಕೆ ಬಿಟ್ಟು ಹೇಳಿ. ನಿಮ್ಮ ಮನೆಯ ಅಡುಗೆಯಲ್ಲೇ ನಿಮಗೆ ಒಗ್ಗುವ ಊಟವನ್ನು ಕೇಳಿ ಬರೆಸಿಕೊಳ್ಳಿ. ನಾಳೆಯೇ ಹೋಗಿ.