ಅಂತೋಕುವಿನ ಪ್ರಶ್ನೆ

"ಅಲ್ಲಾಡಬೇಡ," ಎಂದಳು ಶೈಲಜಾ, ಪಿನ್ನು ಬಾಯಲ್ಲಿ ಕಚ್ಚಿಕೊಂಡೇ.

ಚೈತನ್ಯಾ ಹೇಗೂ ಅಲ್ಲಾಡುತ್ತಿರಲಿಲ್ಲ. ಎಷ್ಟೋ ದಿನದಿಂದ ಅವಳು ಅಭ್ಯಾಸ ಮಾಡಿದ್ದೇ ಅದನ್ನು. ಅಮೆರಿಕದ ಕ್ಯಾರಿ ಊರಿನ ಅವಳ ಶಾಲೆಯಲ್ಲಿ ಐದನೇ ತರಗತಿಯ ಮಕ್ಕಳು ಒಬ್ಬೊಬ್ಬ ಹಳೆಯ ದೊರೆಯ ವೇಷ ಹಾಕಿ, ಮೇಣದ ಗೊಂಬೆಗಳಂತೆ ಸಾಲಾಗಿ ನಿಲ್ಲುವ ದಿನ ಇದು. ಮುಂದಿನ ಮೇಜಿಗೆ ಕೆಂಪು ಕಾಗದದ ಗುಂಡಿಯೊಂದನ್ನು ಅಂಟಿಸಿರುತ್ತಾರೆ. ಯಾರಾದರೂ ಅದನ್ನು ಒತ್ತಿದರೆ ಗೊಂಬೆಗೆ ಜೀವ ಬರುತ್ತದೆ. ತನ್ನ ಕಥೆ ಹೇಳಿ ಮತ್ತೆ ಕಲ್ಲಾಗುತ್ತದೆ. ಒತ್ತುವ ತನಕ ಏನೇ ಆದರೂ ಕದಲಬಾರದು.

ಬೇರೆ ಮಕ್ಕಳು ಗೆದ್ದ ರಾಜರನ್ನು ಆರಿಸಿಕೊಂಡಿದ್ದರು. ಇವಳು ಲೈಬ್ರರಿಯಿಂದ ಹುಡುಕಿ ತಂದದ್ದು ಅಂತೋಕು ಎಂಬ ಜಪಾನಿನ ಚಕ್ರವರ್ತಿಯನ್ನು. ಎಂಟುನೂರು ವರ್ಷಗಳ ಹಿಂದಿನವನು. ಎರಡು ತುಂಬುವ ಮೊದಲೇ ಪಟ್ಟಕ್ಕೆ ಕೂರಿಸಿದರು. ಸಿಂಹಾಸನ ಇವನದು, ಅಧಿಕಾರ ತಾಯಿಯ ತಂದೆಯದು. ತಾತ ಸತ್ತ ಮೇಲೆ ಶತ್ರುಗಳು ಬಂದರು. ಮಗುವನ್ನು ರಾಜಧಾನಿಯಿಂದ ಎತ್ತಿಕೊಂಡು ಓಡಿದರು. ಕೊನೆಗೆ ಸಮುದ್ರದ ಮೇಲೆ ಯುದ್ಧ ಸೋತಾಗ, ಶತ್ರುವಿನ ಕೈಗೆ ಕೊಡಲಾರದೆ ಅಜ್ಜಿ ಅವನನ್ನು ಅಪ್ಪಿಕೊಂಡು ನೀರಿಗೆ ಹಾರಿದಳು. ಆಗ ಅವನಿಗೆ ಆರು ವರ್ಷ.

"ಬೇರೆ ಯಾರೂ ಸಿಗಲಿಲ್ವಾ ಪುಟ್ಟಿ?" ಎಂದು ಶೈಲಜಾ ಕೇಳಿದ್ದಳು.

"ಎಲ್ಲಿಗೆ ಹೋಗ್ತಿದೀವಿ ಅಂತ ಅವ್ನು ಕೇಳ್ತಾನೆ ಅಮ್ಮ. ನೀರ್ ಕೆಳಗೆ ಪ್ಯಾಲೆಸ್ ಇದೆ ಅಂತಾಳೆ ಅಜ್ಜಿ. ಶೀ ಲೈಡ್. ಪಾಪ ಅವ್ನಿಗೆ."

ಶೈಲಜಾ ಸಿಂಕಿನ ಕಡೆ ತಿರುಗಿ, ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಿದ್ದಳು. ಗಂಡ ಪ್ರಶಾಂತನ ಕೆಲಸ ಹೋಗಿತ್ತು. ಹೊಸದು ಸಿಗಲಿಲ್ಲ, ವೀಸಾದ ಗಡುವು ಮುಗಿಯುತ್ತ ಬಂದಿತ್ತು. ಮಗಳಿಗೆ ಮಾತ್ರ ಮೈಸೂರಲ್ಲಿ ಮಾವನ ಮಗ ಅಭಿನವನ ಮುಂಜಿ ಇದೆ, ಹೋಗಿ ಬರೋಣ ಎಂದಿದ್ದಳು. ಮುಂಜಿ ನಿಜವೇ. ಹೋಗುವುದೂ ನಿಜ. ಇದೊಂದು ವೇಷ ಮುಗಿಯಲಿ, ಆಮೇಲೆ ಉಳಿದದ್ದನ್ನು ಹೇಳಿದರಾಯಿತು ಎಂದುಕೊಂಡು ಹಳೆಯ ಮೈಸೂರು ಸಿಲ್ಕ್ ಸೀರೆಗೆ ಕತ್ತರಿ ಹಾಕಿದ್ದಳು.

ಶಾಲೆಯ ಹಾಲಿನಲ್ಲಿ ಅದೇ ಸೀರೆಯ ಅಗಲ ತೋಳುಗಳಲ್ಲಿ ಚೈತನ್ಯಾ ನಿಂತಿದ್ದಳು, ಕೈಯಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟಿನ ಕತ್ತಿ. ಶೈಲಜಾ ಫೋಟೋ ತೆಗೆಯುತ್ತಿರುವಾಗ ಪಕ್ಕದ ಬೀದಿಯ ವರಲಕ್ಷ್ಮಿ ಬಂದಳು. ಅವಳ ಮಗ ಶ್ರೇಯಸ್ ಆಚೆ ಸಾಲಿನಲ್ಲಿ ಕೊಂಬಿನ ಟೋಪಿ ಹಾಕಿ ನಿಂತಿದ್ದ.

"ಶೈಲು, ಆ ಬಂಕ್ ಬೆಡ್ ಶನಿವಾರಾನೇ ಪಿಕ್ ಮಾಡ್ತೀವಿ. ಇವ್ರು ಟ್ರಕ್ ರೆಂಟ್ ಮಾಡಿದಾರೆ. ಮೈಸೂರಲ್ಲಿ ಇವಳಿಗೆ ಸ್ಕೂಲ್ ಸೀಟ್ ಆಯ್ತು ತಾನೇ?"

ಶೈಲಜಾ ಕಣ್ಣಲ್ಲೇ ತಡೆದಳು. ವರಲಕ್ಷ್ಮಿ ನಕ್ಕಳು. "ಅವ್ಳೆಲ್ಲಿ ಕೇಳಿಸ್ಕೋತಾಳೆ, ನೋಡು ಹೆಂಗ್ ಫ್ರೀಜ್ ಆಗಿದಾಳೆ." ಹಾಗೆಂದು ಮಗನ ಕಡೆ ನಡೆದಳು.

ಚೈತನ್ಯಾ ಕದಲಲಿಲ್ಲ. ರೆಪ್ಪೆ ಬಡಿಯದ ಕಣ್ಣುಗಳಲ್ಲಿ ನೀರು ತುಂಬಿ, ಬೀಳದೆ ನಿಂತಿತ್ತು. ಗುಂಡಿ ಒತ್ತದಿದ್ದರೆ ಅವಳು ಯಾವ ಪ್ರಶ್ನೆಯನ್ನೂ ಕೇಳುವಂತಿಲ್ಲ. ಶೈಲಜಾಗೆ ಅದೂ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಹಿಂದೆ ವಯಸ್ಸಾದ ದಂಪತಿ ತಮ್ಮ ಸರದಿಗೆ ಕಾಯುತ್ತ ನಗುತ್ತಿದ್ದರು.

ಶೈಲಜಾ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿದಳು.

ಚೈತನ್ಯಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಪಟ್ಟಾಭಿಷೇಕ, ತಾತ, ಓಡಿಹೋದ ರಾತ್ರಿ, ಹಡಗುಗಳು, ಎಲ್ಲ ತಪ್ಪಿಲ್ಲದೆ ಬಂದವು. ಅಜ್ಜಿ ಎತ್ತಿಕೊಳ್ಳುವ ಜಾಗಕ್ಕೆ ಬಂದಾಗ ನಿಂತಳು. ಮುಂದಿನದು ಅಜ್ಜಿಯ ಮಾತು, ಅರಮನೆಯದು. ಅದನ್ನು ಹೇಳಲಿಲ್ಲ. ಅಮ್ಮನನ್ನೇ ನೋಡಿ ಕನ್ನಡದಲ್ಲಿ ಕೇಳಿದಳು:

"ಎಲ್ಲಿಗೆ ಕರ್ಕೊಂಡ್ ಹೋಗ್ತಿದೀಯಾ?"

ಅಜ್ಜಿ ಮನೆ, ತಾರಸಿ, ಮಾವಿನಹಣ್ಣು, ಅಭಿನವನ ಜೊತೆ ಆಟ, ಎಲ್ಲ ಶೈಲಜಾಳ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು ಮೇಜಿನ ಪಕ್ಕ ಮಂಡಿಯೂರಿದಳು.

"ಮೈಸೂರಿಗೆ. ಅಲ್ಲೇ ಇರೋಕೆ. ಅಪ್ಪನ ಕೆಲಸ ಹೋಯ್ತು, ಇಲ್ಲಿರೋ ಹಾಗಿಲ್ಲ. ಮತ್ತೆ ಬರ್ತೀವಾ ನಂಗೊತ್ತಿಲ್ಲ ಪುಟ್ಟಿ. ಮುಂಚೇನೇ ಹೇಳ್ಬೇಕಿತ್ತು."

"ನನ್ ಬೆಡ್?"

"ಶ್ರೇಯಸ್‌ಗೆ."

"ಹೀ ಕಿಕ್ಸ್ ಎವ್ರಿಥಿಂಗ್," ಎಂದಳು. ಕಣ್ಣೀರು ಆಗ ಬಿತ್ತು, ರೇಷ್ಮೆಯ ಮೇಲೆ ಎರಡು ಕಪ್ಪು ಕಲೆಯಾಯಿತು. ಆಮೇಲೆ, "ಅಪ್ಪನೂ ಬರ್ತಾರಾ?" ಎಂದಳು.

"ಮೂರು ಜನಾನೂ."

ಹಿಂದಿನ ದಂಪತಿ ಹಿಂಜರಿಯುತ್ತ ಮುಂದೆ ಬಂದರು. ಚೈತನ್ಯಾ ತೋಳಿನಿಂದ ಮುಖ ಒರೆಸಿಕೊಂಡು, ಕತ್ತಿ ನೆಟ್ಟಗೆ ಹಿಡಿದು ಮತ್ತೆ ಗೊಂಬೆಯಾದಳು. ಮುದುಕಿ ಬಗ್ಗಿ ಗುಂಡಿ ಒತ್ತಿದಳು. ಶೈಲಜಾ ಪಕ್ಕಕ್ಕೆ ಸರಿಯಲು ಎದ್ದಳು. ಸರಿಯಲಾಗಲಿಲ್ಲ. ಅಗಲ ತೋಳಿನ ಮರೆಯಲ್ಲಿ ಚಕ್ರವರ್ತಿಯ ಎಡಗೈ ಅವಳ ಎರಡು ಬೆರಳುಗಳನ್ನು ಹಿಡಿದುಕೊಂಡಿತ್ತು, ಕಥೆ ಮೊದಲಿಂದ ಶುರುವಾಗಿತ್ತು.